ಆವರಣ: ಮುಚ್ಚುವುದೂ ಹೌದು, ಕಾಯುವುದೂ ಹೌದು



ಹೋದ ಅಮಾವಾಸ್ಯೆಯ ದಿನ ಒಂದು ಊರಿನ ನಾಲ್ಕಾರು ಹಿರಿಯರು ಶ್ರೀಮಠಕ್ಕೆ ಬಂದಿದ್ದರು. ಕೈಯಲ್ಲಿ ಒಂದು ಅರ್ಜಿ ಇತ್ತು. ತಮ್ಮೂರಿನ ಶಾಖಾಮಠದ ಆವರಣ ಗೋಡೆಯನ್ನು ಇನ್ನೆರಡು ಅಡಿ ಎತ್ತರಿಸಬೇಕು, ಮೇಲೆ ಗಾಜಿನ ಚೂರು ನೆಡಬೇಕು, ಪಡುವಣ ಬದಿಯ ಸಣ್ಣ ಬಾಗಿಲನ್ನು ಕಲ್ಲಿಟ್ಟು ಮುಚ್ಚಬೇಕು, ಇದಕ್ಕೆ ಅಪ್ಪಣೆಯಾಗಬೇಕು ಎಂದು ಅದರಲ್ಲಿ ಬರೆದಿತ್ತು. ಈಚೆಗೆ ಅಲ್ಲಿ ಹುಂಡಿ ಒಡೆದು ಹಣ ಒಯ್ದಿದ್ದಾರೆ. ಆದ್ದರಿಂದ ಅವರ ಕಳವಳ ಸುಳ್ಳಲ್ಲ. ಯೋಚಿಸಿ ತಿಳಿಸುತ್ತೇವೆಂದು ಹೇಳಿ, ಪ್ರಸಾದ ಮಾಡಿಸಿ ಕಳಿಸಿಕೊಟ್ಟೆವು. ಅವರು ಹೋದರು, ಅರ್ಜಿಯಲ್ಲಿದ್ದ ‘ಆವರಣ’ ಎಂಬ ಶಬ್ದ ಮಾತ್ರ ನಮ್ಮ ಬಳಿ ಉಳಿಯಿತು. ದಿನವೂ ಬಾಯಲ್ಲಿ ಆಡುವ ಶಬ್ದ. ಅದರ ಅರ್ಥವನ್ನು ಬಿಚ್ಚಿ ನೋಡದೆ ಆ ಹಿರಿಯರಿಗೆ ಉತ್ತರ ಕೊಡಲಾರೆವು ಎನಿಸಿದ್ದರಿಂದ ಈ ವಾರ ಅದನ್ನೇ ಭಕ್ತರ ಮುಂದೆ ಇಡುತ್ತಿದ್ದೇವೆ.

ಆವರಣ ಸಂಸ್ಕೃತದಿಂದ ಬಂದ ಮಾತು. ‘ವೃ’ ಎಂಬ ಧಾತುವಿಗೆ ಮುಚ್ಚು, ಸುತ್ತುವರಿ ಎಂದು ಅರ್ಥ. ಅದರ ಹಿಂದೆ ‘ಆ’ ಎಂಬ ಉಪಸರ್ಗ ಸೇರಿದರೆ ಎಲ್ಲ ಕಡೆಯಿಂದಲೂ ಮುಚ್ಚುವುದು ಎಂದಾಗುತ್ತದೆ. ಅಮರಕೋಶದ ಪುರವರ್ಗದಲ್ಲಿ ಊರ ಸುತ್ತಲಿನ ಪ್ರಾಕಾರಕ್ಕೆ ‘ವರಣ’ ಎಂಬ ಹೆಸರೂ ಇದೆ. ಬೇಲಿಗೆ ‘ವೃತಿ’ ಎನ್ನುತ್ತಾರೆ. ಎಲ್ಲವೂ ಒಂದೇ ಬೇರಿನ ಚಿಗುರು. ಇದೇ ಉಚ್ಚಾರದ ಇನ್ನೊಂದು ಧಾತುವಿದೆ, ಅದಕ್ಕೆ ಆರಿಸಿಕೊಳ್ಳು ಎಂಬ ಅರ್ಥ. ವರ, ಸ್ವಯಂವರ, ವರಿಸು ಎಂಬ ಮಾತುಗಳು ಅದರಿಂದ ಬಂದವು. ವ್ಯಾಕರಣದಲ್ಲಿ ಇವೆರಡು ಬೇರೆ ಬೇರೆ ಧಾತುಗಳೇ. ಆದರೂ ಗೋಡೆ ಕಟ್ಟುವವನು ತಿಳಿದೋ ತಿಳಿಯದೆಯೋ ಯಾರು ಒಳಗೆ, ಯಾರು ಹೊರಗೆ ಎಂದು ಆರಿಸುತ್ತಲೂ ಇರುತ್ತಾನೆ ಎಂಬುದು ಓದುವಾಗಲೆಲ್ಲ ನಮಗೆ ನೆನಪಾಗುತ್ತದೆ.

ಕನ್ನಡಿಗರಿಗೆ ಇದಕ್ಕೆ ತಮ್ಮದೇ ಮಾತುಗಳು ಬೇಕಾದಷ್ಟಿವೆ. ಹೊಲಕ್ಕೆ ಬೇಲಿ, ಊರಿಗೆ ಕೋಟೆ, ಗುಡಿಗೆ ಪೌಳಿ. ಗೌಡರ ಮನೆಗೆ ವಾಡೆ. ಊರ ಬಾಗಿಲಿಗೆ ಅಗಸಿ. ಆ ದೊಡ್ಡ ಬಾಗಿಲನ್ನು ರಾತ್ರಿ ಹಾಕಿದ ಮೇಲೂ ಹೊಲದಿಂದ ತಡವಾಗಿ ಬಂದವನು ಬಗ್ಗಿ ಒಳಗೆ ಬರಲೆಂದು ಅದರಲ್ಲೇ ಕೊರೆದಿರುವ ಚಿಕ್ಕ ಬಾಗಿಲಿಗೆ ದಿಡ್ಡಿ. ನಮ್ಮ ಹಿರಿಯರು ಗೋಡೆಗೆ ಹೆಸರಿಟ್ಟಷ್ಟೇ ಅಕ್ಕರೆಯಿಂದ ಬಾಗಿಲಿಗೂ ಹೆಸರಿಟ್ಟಿದ್ದರು ಎಂಬುದನ್ನು ಗಮನಿಸಬೇಕು.

ಇನ್ನು ‘ಆವರಣ’ ಎಂಬ ಶಬ್ದವೇ ಎಲ್ಲೆಲ್ಲಿ ಹೊಕ್ಕಿದೆ ನೋಡಿರಿ. ಶಾಲೆಯ ಆವರಣ, ಆಸ್ಪತ್ರೆಯ ಆವರಣ, ನ್ಯಾಯಾಲಯದ ಆವರಣ. ಮಕ್ಕಳ ವ್ಯಾಕರಣ ಪುಸ್ತಕದಲ್ಲಿ ಒಂದು ಮಾತನ್ನು ಎರಡು ಬಾಗಿದ ಗೆರೆಗಳ ನಡುವೆ ಇಟ್ಟರೆ ಅದು ಆವರಣ ಚಿಹ್ನೆ. ಮಹಾತ್ಮರ ಭಾವಚಿತ್ರದ ಮೇಲಿನ ಪರದೆ ಸರಿಸಿದರೆ ಅನಾವರಣ. ವಾತ ಮತ್ತು ಆವರಣ ಸೇರಿ ವಾತಾವರಣ. ಭೂಮಿಯನ್ನು ಸುತ್ತುವರಿದ ಗಾಳಿಯೂ ಒಂದು ಆವರಣವೇ. ಅದಕ್ಕೆ ಇಟ್ಟಿಗೆ ಇಲ್ಲ, ಗಾರೆ ಇಲ್ಲ, ಬೀಗವಿಲ್ಲ. ಆದರೂ ಅದಿಲ್ಲದೆ ಒಂದು ಗಳಿಗೆ ಬದುಕುವಂತಿಲ್ಲ. ಗೌಡನೂ ಅದನ್ನೇ ಉಸಿರಾಡುತ್ತಾನೆ, ಗೌಡನ ಎತ್ತೂ ಅದನ್ನೇ ಉಸಿರಾಡುತ್ತದೆ.

ಶಾಸ್ತ್ರಕ್ಕೆ ಬಂದರೆ ಈ ಶಬ್ದ ನಮ್ಮನ್ನು ಸ್ವಲ್ಪ ತೊಡಕಿಗೆ ಸಿಲುಕಿಸುತ್ತದೆ. ವೇದಾಂತಿಗಳು ಅಜ್ಞಾನಕ್ಕೆ ಎರಡು ಶಕ್ತಿಗಳನ್ನು ಹೇಳುತ್ತಾರೆ. ಮೊದಲನೆಯದು ಆವರಣ, ಎರಡನೆಯದು ವಿಕ್ಷೇಪ. ಮಬ್ಬುಗತ್ತಲೆಯಲ್ಲಿ ದಾರಿಯ ಮೇಲೆ ಬಿದ್ದ ಹಗ್ಗವನ್ನು ಕಾಣದಂತೆ ಮಾಡುವುದು ಆವರಣ. ಅದೇ ಜಾಗದಲ್ಲಿ ಹಾವನ್ನು ತೋರಿಸಿ ಹೆದರಿಸುವುದು ವಿಕ್ಷೇಪ. ಶೈವಾಗಮಗಳು ಆಣವ, ಮಾಯಾ, ಕಾರ್ಮಿಕವೆಂದು ಮೂರು ಮಲಗಳನ್ನು ಹೇಳಿ, ಅವು ತಾಮ್ರವನ್ನು ಕಿಲುಬು ಮುಚ್ಚಿದ ಹಾಗೆ, ಅಕ್ಕಿಯನ್ನು ಹೊಟ್ಟು ಮುಚ್ಚಿದ ಹಾಗೆ ಜೀವನನ್ನು ಮುಚ್ಚಿವೆ ಎನ್ನುತ್ತವೆ. ಇಲ್ಲೆಲ್ಲ ಆವರಣವೆಂದರೆ ಕಳೆದುಕೊಳ್ಳಬೇಕಾದದ್ದು, ಸುಲಿದು ಹಾಕಬೇಕಾದದ್ದು.

ಆದರೆ ಅದೇ ಶ್ರೀಗುರುವು ದೀಕ್ಷೆಯಲ್ಲಿ ಮಲತ್ರಯದ ಆವರಣವನ್ನು ಕಳೆದು, ಕೂಡಲೇ ಶಿಷ್ಯನಿಗೆ ಏನನ್ನು ತೊಡಿಸುತ್ತಾನೆ? ಅಷ್ಟಾವರಣವನ್ನು! ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ. ಒಂದು ಆವರಣವನ್ನು ತೆಗೆದು ಎಂಟು ಆವರಣಗಳನ್ನು ಹೊದಿಸುವುದೆಂದರೆ ಇದೆಂಥ ಬಿಡುಗಡೆ ಎಂದು ಒಬ್ಬ ತರುಣ ನಮ್ಮನ್ನು ಒಮ್ಮೆ ಕೇಳಿದ್ದುಂಟು. ಪ್ರಶ್ನೆ ಚೆನ್ನಾಗಿತ್ತು. ಆ ಹೊತ್ತಿಗೆ ಪುಸ್ತಕದ ಉತ್ತರವನ್ನೇ ಕೊಟ್ಟೆವು. ಗುರು-ಲಿಂಗ-ಜಂಗಮ ಪೂಜ್ಯರು, ವಿಭೂತಿ-ರುದ್ರಾಕ್ಷಿ-ಮಂತ್ರ ಪೂಜೆಯ ಸಾಧನಗಳು, ಪಾದೋದಕ-ಪ್ರಸಾದ ಪೂಜೆಯ ಫಲ. ಅಷ್ಟಾವರಣ ಅಂಗವಾದರೆ ಪಂಚಾಚಾರ ಪ್ರಾಣ, ಷಟ್‌ಸ್ಥಲ ಆತ್ಮ. ಉತ್ತರದಲ್ಲಿ ತಪ್ಪಿರಲಿಲ್ಲ. ಆದರೆ ಆ ತರುಣ ಕೇಳಿದ್ದು ಅದನ್ನಲ್ಲ. ಮುಚ್ಚುವ ಆವರಣವನ್ನೂ ಕಾಯುವ ಆವರಣವನ್ನೂ ಬೇರೆ ಬೇರೆಯಾಗಿ ಗುರುತಿಸುವ ಬಗೆ ಹೇಗೆ ಎಂದು ಅವನು ಕೇಳಿದ್ದ.

ಒಕ್ಕಲಿಗ ಬಂಧುಗಳಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಉಣ್ಣುವವನಿಗೆ ಬತ್ತದ ಹೊಟ್ಟು ಬೇಡ, ಬಿತ್ತುವವನಿಗೆ ಬೇಕು. ಹೊಟ್ಟು ಸುಲಿದ ಅಕ್ಕಿಯನ್ನು ನೆಲಕ್ಕೆ ಹಾಕಿದರೆ ಮೊಳೆಯುವುದಿಲ್ಲ. ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ಮಳೆಗಾಲ ದಾಟುತ್ತದೆ, ಬರ ಬಂದ ವರ್ಷ ಊರಿಗೆ ಊರೇ ಉಣ್ಣುತ್ತದೆ. ಅದೇ ಹಗೇವಿನ ಬಾಯನ್ನು ತೆಗೆಯಲೇ ಇಲ್ಲವಾದರೆ ಒಳಗಿನ ಕಾಳು ಮುಗ್ಗಿ ಹೋಗುತ್ತದೆ. ಮುಚ್ಚಳ ಬದಲಾಗಲಿಲ್ಲ. ಅದನ್ನು ತೆಗೆಯುವ ಕಾಲಕ್ಕೆ ತೆಗೆದರೋ ಇಲ್ಲವೋ ಎಂಬುದರ ಮೇಲೆ ಅದು ಕಾಯಿತೋ ಕೆಡಿಸಿತೋ ಎಂಬುದು ನಿಂತಿತು.

ಇಷ್ಟಲಿಂಗವನ್ನೇ ನೋಡಿರಿ. ಲಿಂಗದ ಮೇಲೆ ಕಂತಿಯ ಲೇಪ, ಅದರ ಸುತ್ತ ವಸ್ತ್ರ, ಅದರ ಮೇಲೆ ಕರಡಿಗೆ, ಕರಡಿಗೆಗೆ ಶಿವದಾರ. ಇಷ್ಟು ಆವರಣಗಳೊಳಗೆ ಕುಳಿತ ಲಿಂಗಯ್ಯನನ್ನು ದಿನಕ್ಕೊಮ್ಮೆಯಾದರೂ ತೆರೆದು ಅಂಗೈಯಲ್ಲಿಟ್ಟು ನೋಡಬೇಕೆಂಬುದು ಕಟ್ಟಳೆ. ತೆರೆಯಲೆಂದೇ ಮುಚ್ಚಿದ್ದು ಅದು. ಈಗೀಗ ಬೆಳ್ಳಿಯ ಕರಡಿಗೆ ದೊಡ್ಡದಾಗುತ್ತಿದೆ, ಮದುವೆಯ ದಿನ ಕಟ್ಟಿಕೊಂಡದ್ದನ್ನು ಮತ್ತೊಂದು ಮದುವೆಗೆ ಹೊರಡುವಾಗ ತೆಗೆಯುತ್ತಾರೆ. ಒಳಗೆ ಲಿಂಗವೇ ಇಲ್ಲದ ಕರಡಿಗೆಯನ್ನೂ ನಾವು ಕಂಡಿದ್ದೇವೆ. ಇದನ್ನು ಬೇಸರದಿಂದ ಬರೆಯುತ್ತಿಲ್ಲ. ಹಾಗೆ ಬಂದವರಿಗೆ ಅಲ್ಲಿಯೇ ಲಿಂಗಧಾರಣೆ ಮಾಡಿ ಕಳಿಸಿದ್ದೇವೆ.

ಎಂಟು ಆವರಣಗಳಲ್ಲಿ ಮೂರನೆಯದು ಜಂಗಮ. ಜಂಗಮವೆಂದರೆ ಚಲಿಸುವುದು. ಜಗತ್ತಿನಲ್ಲಿ ನಡೆದಾಡುವ ಗೋಡೆಯನ್ನು ಯಾರಾದರೂ ಕಂಡದ್ದುಂಟೆ? ನಮ್ಮ ಪೂರ್ವಾಚಾರ್ಯರು ಭಕ್ತನ ಸುತ್ತ ಕಟ್ಟಿದ ಆವರಣದಲ್ಲಿ ಒಂದಕ್ಕೆ ಕಾಲು ಕೊಟ್ಟರು, ಕೈಯಲ್ಲಿ ಬೆತ್ತ, ಹೆಗಲಿಗೆ ಜೋಳಿಗೆ ಕೊಟ್ಟರು. ಅದು ಮನೆಯಿಂದ ಮನೆಗೆ, ಊರಿಂದ ಊರಿಗೆ ಹೋಗಬೇಕು. ಐದನೆಯದಾದ ಪ್ರಸಾದವೂ ಹಾಗೆಯೇ, ಒಬ್ಬನೇ ಬಾಗಿಲು ಹಾಕಿಕೊಂಡು ಉಂಡರೆ ಅದು ಬರಿಯ ಊಟ. ಈಗ ಪಟ್ಟಣದ ಭಕ್ತರ ಮನೆಗಳಿಗೆ ಆಳೆತ್ತರದ ಗೋಡೆ, ಕಬ್ಬಿಣದ ಬಾಗಿಲು, ‘ನಾಯಿ ಇದೆ ಎಚ್ಚರಿಕೆ’ ಎಂಬ ಹಲಗೆ. ಕಂತಿ ಭಿಕ್ಷೆಗೆ ಹೋದ ಮಠದ ಮರಿಯೊಬ್ಬ ಆ ಹಲಗೆಯನ್ನು ಓದಿ ಹಿಂದಿರುಗಿ ಬಂದು, ಆ ಮನೆಯಲ್ಲಿ ನಾಯಿಯ ಹೆಸರಿದೆ, ಮನೆಯವರ ಹೆಸರಿಲ್ಲ ಎಂದ. ನಾವು ನಕ್ಕೆವು. ಆ ಮನೆಯವರು ನಮ್ಮ ಒಳ್ಳೆಯ ಭಕ್ತರೇ.

ಗೋಡೆಯ ಬಲವನ್ನೇ ನಂಬಿದವರ ಕಥೆ ಹಂಪೆಯಲ್ಲಿದೆ. ಪ್ರೌಢದೇವರಾಯನ ಕಾಲವೆಂದರೆ ನಮ್ಮವರಿಗೆ ಹೆಮ್ಮೆಯ ಕಾಲ. ನೂರೊಂದು ವಿರಕ್ತರು ಇದ್ದರೆಂದು ನಮ್ಮ ಪರಂಪರೆ ನೆನೆಯುತ್ತದೆ, ಲಕ್ಕಣ್ಣ ದಂಡೇಶ, ಚಾಮರಸರು ಅಂದಿನವರು. ಆ ಅರಸನ ಆಳ್ವಿಕೆಯಲ್ಲೇ, 1443ರಲ್ಲಿ, ಅಬ್ದುಲ್ ರಜಾಕನೆಂಬ ಪರ್ಷಿಯಾದ ರಾಯಭಾರಿ ಬಂದು, ಪಟ್ಟಣಕ್ಕೆ ಒಂದರೊಳಗೊಂದು ಏಳು ಸುತ್ತಿನ ಕೋಟೆ ಇದ್ದುದನ್ನು ಬರೆದಿಟ್ಟ. ಹೊರಗಿನ ಸುತ್ತುಗಳ ನಡುವೆ ಹೊಲ, ತೋಟ, ಮನೆಗಳೂ ಇದ್ದವಂತೆ. ಅದಾಗಿ ನೂರಿಪ್ಪತ್ತು ವರ್ಷ ಕಳೆದು 1565ರಲ್ಲಿ ರಕ್ಕಸತಂಗಡಿಯ ಯುದ್ಧ ನಡೆಯಿತು. ಯುದ್ಧ ನಡೆದದ್ದು ಪಟ್ಟಣದಿಂದ ಬಹುದೂರ, ಕೃಷ್ಣೆಯ ಕಡೆ. ರಾಮರಾಯ ಮಡಿದ ಸುದ್ದಿ ಬಂದದ್ದೇ ತಡ, ಉಳಿದ ಅರಸು ಮನೆತನದವರು ಭಂಡಾರವನ್ನು ಆನೆಗಳ ಮೇಲೆ ಹೇರಿಕೊಂಡು ಪೆನುಗೊಂಡೆಗೆ ಹೊರಟುಹೋದರು. ಏಳು ಸುತ್ತಿನ ಕೋಟೆಯನ್ನು ಯಾರೂ ಒಡೆಯಬೇಕಾಗಲೇ ಇಲ್ಲ. ಕಾಯುವವರು ಹೋದ ಮೇಲೆ ಗೋಡೆ ಇದ್ದೂ ಏನು ಮಾಡೀತು?

ಇದಕ್ಕಿಂತ ನಮ್ಮ ಮನಸ್ಸಿಗೆ ಹತ್ತಿರವಾದ ಗೋಡೆ ಶ್ರೀಶೈಲದ್ದು. ಪಂಚಪೀಠಗಳಲ್ಲಿ ಒಂದಾದ ಆ ಕ್ಷೇತ್ರಕ್ಕೆ ಯುಗಾದಿಯ ಹೊತ್ತಿಗೆ ಕನ್ನಡ ನಾಡಿನಿಂದ ಕಂಬಿ ಹೊತ್ತು ನಡೆದು ಹೋಗುವ ಸಂಪ್ರದಾಯ ಬಲ್ಲವರಿಗೆ ಹೇಳಬೇಕಾಗಿಲ್ಲ. ಚಿಕ್ಕವರಿದ್ದಾಗ ಗುರುಗಳ ಹಿಂದೆ ಹಾಗೆ ನಡೆದು ನಾವೂ ಹೋದೆವು. ಕಾಲಿಗೆ ಬೊಕ್ಕೆ ಬಂದಿದ್ದವು. ಮಲ್ಲಯ್ಯನ ಗುಡಿಯ ಪ್ರಾಕಾರ ವಿಜಯನಗರದ ಕಾಲದ್ದು, ದೊಡ್ಡ ದೊಡ್ಡ ಕಲ್ಲುಗಳಿಂದ ಕೋಟೆಯ ಹಾಗೆ ಎದ್ದಿದೆ. ದರ್ಶನದ ಸಾಲು ಬಹಳ ಉದ್ದವಿತ್ತು. ಗುರುಗಳು ನಮ್ಮನ್ನು ಸಾಲಿನಲ್ಲಿ ನಿಲ್ಲಿಸದೆ ಕೈ ಹಿಡಿದು ಪ್ರಾಕಾರದ ಹೊರಮೈ ಸುತ್ತ ನಡೆಸಿದರು. ಆ ಹೊರಮೈ ತುಂಬ ಸಾಲು ಸಾಲು ಉಬ್ಬುಶಿಲ್ಪಗಳಿವೆ. ಆನೆ, ಕುದುರೆ, ಬೇಟೆ, ತಪಸ್ವಿಗಳು, ಶಿವಲೀಲೆಯ ಕಥೆಗಳು. ಒಂದೊಂದರ ಮುಂದೆ ನಿಂತು ಗುರುಗಳು ಕಥೆ ಹೇಳುತ್ತಿದ್ದರು. ಇಷ್ಟು ಚೆಂದದ ಚಿತ್ರಗಳನ್ನು ಒಳಗೆ ಕೆತ್ತದೆ ಹೊರಗೆ ಮಳೆ ಬಿಸಿಲಿಗೆ ಯಾಕೆ ಬಿಟ್ಟರು ಎಂದು ನಾವು ಕೇಳಿದೆವು. “ಒಳಗ ಹೋದವ್ರಿಗೆ ಮಲ್ಲಯ್ಯನ ಸಿಗತಾನ, ಚಿತ್ರ ಯಾಕ ಬೇಕು? ಹೊರಗ ಉಳದವ್ರಿಗೆ ಏನಾರ ಬ್ಯಾಡೇನು?” ಎಂದರು. ಕೆತ್ತಿದ ಶಿಲ್ಪಿಯ ಮನಸ್ಸಿನಲ್ಲಿ ಇದ್ದದ್ದು ಅದೇ ಹೌದೋ ಅಲ್ಲವೋ, ಗುರುಗಳ ಮನಸ್ಸಿನಲ್ಲಿ ಇದ್ದದ್ದು ಅದು.

ಕೂಡಲಸಂಗಮದಲ್ಲಿ ಇನ್ನೊಂದು ಬಗೆಯ ಗೋಡೆಯಿದೆ. 1982ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಸಿದ್ಧವಾಯಿತು. ಅದರ ಹಿನ್ನೀರಿನಲ್ಲಿ ಬಸವಣ್ಣನವರ ಐಕ್ಯಸ್ಥಳ ಮುಳುಗಬಾರದೆಂದು ಅದರ ಸುತ್ತ ದೊಡ್ಡ ಬಾವಿಯ ಹಾಗೆ ದುಂಡಗಿನ ಗೋಡೆ ಎಬ್ಬಿಸಿದ್ದಾರೆ. ಭಕ್ತರು ಮೇಲಿನಿಂದ ಮೆಟ್ಟಿಲಿಳಿದು ಕೆಳಗೆ ಹೋಗಿ ಐಕ್ಯಲಿಂಗದ ದರ್ಶನ ಪಡೆಯುತ್ತಾರೆ. ಜಲಾಶಯ ತುಂಬಿದ ದಿನಗಳಲ್ಲಿ ಅಲ್ಲಿ ನಿಂತರೆ ಗೋಡೆಯ ಆಚೆ ಕೃಷ್ಣೆ-ಮಲಪ್ರಭೆಯರ ನೀರು ನಮ್ಮ ತಲೆಗಿಂತ ಮೇಲಿರುತ್ತದೆ. ಆ ಗೋಡೆ ನೀರನ್ನು ಹೊರಗಿಟ್ಟಿದೆ, ಜನರನ್ನು ಹೊರಗಿಟ್ಟಿಲ್ಲ. ಮೆಟ್ಟಿಲುಗಳ ಮೇಲೆ ಇಳಿಯುವವರು, ಏರುವವರು ಒಬ್ಬರಿಗೊಬ್ಬರು ಹೆಗಲು ತಾಕಿಸಿಕೊಂಡೇ ನಡೆಯುತ್ತಾರೆ. ಕಾಯುವ ಆವರಣವೆಂದರೆ ಏನೆಂದು ಯಾರಾದರೂ ಕೇಳಿದರೆ ಈಗ ನಾವು ಪುಸ್ತಕದ ಉತ್ತರ ಕೊಡುವುದಿಲ್ಲ. ಸಂಗಮಕ್ಕೆ ಹೋಗಿ ಇಳಿದು ಬಾ ಎನ್ನುತ್ತೇವೆ.

ಇಷ್ಟು ಹೇಳಿದ ಮೇಲೆ ಅರ್ಜಿ ತಂದ ಆ ಊರಿನ ಮಾತಿಗೆ ಬರಬೇಕು. ಬರುವ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಈಗ ಎತ್ತರಿಸಬೇಕೆನ್ನುತ್ತಿರುವ ಆ ಗೋಡೆಯ ಅಡಿಗಲ್ಲನ್ನು 1996ರಲ್ಲಿ ಇಟ್ಟವರು ನಾವೇ.

ಅದಕ್ಕೂ ಮುಂಚೆ ಆ ಮಠಕ್ಕೆ ಗೋಡೆ ಇರಲಿಲ್ಲ. ಮೂಡಣಕ್ಕೆ ದೊಡ್ಡ ಬೀದಿ, ಪಡುವಣಕ್ಕೆ ಒಂದು ಸಣ್ಣ ಓಣಿ. ಆ ಓಣಿ ಊರಾಚೆಯ ಕೇರಿಗೆ ಹೋಗುತ್ತದೆ. ಕೇರಿಯ ಹೆಣ್ಣುಮಕ್ಕಳು ಅದೇ ದಾರಿಯಲ್ಲಿ ಬಂದು ಮಠದ ಬಾವಿಯಿಂದ ನೀರು ಒಯ್ಯುತ್ತಿದ್ದರು, ಸೋಮವಾರ ಪ್ರಸಾದಕ್ಕೆ ಕೂರುತ್ತಿದ್ದರು. ಒಬ್ಬ ಮುದುಕಿ ದಿನವೂ ನಸುಕಿನಲ್ಲಿ ಅಂಗಳ ಗುಡಿಸಿ, ಕಣಗಿಲೆ ಹೂ ಒಂದನ್ನು ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದಳಂತೆ. ಇದಾವುದನ್ನೂ ನಾವು ಆಗ ಕೇಳಲಿಲ್ಲ. ದನಕರು ಒಳಗೆ ನುಗ್ಗುತ್ತವೆ, ಮಠಕ್ಕೊಂದು ಆವರಣ ಬೇಕು ಎಂದರು. ಆಗಲಿ ಎಂದೆವು. ಮೆರವಣಿಗೆ ಮಾಡಿದರು, ಹಾರ ಹಾಕಿದರು. ಅಡಿಗಲ್ಲಿಟ್ಟು ಆಶೀರ್ವಚನ ಮಾಡಿದೆವು. ಅಂದಿನ ವಿಷಯ ಅಷ್ಟಾವರಣ! ಒಂದು ತಾಸು ಮಾತಾಡಿದೆವು. ನಮ್ಮ ಬೆನ್ನ ಹಿಂದೆಯೇ ಪಡುವಣ ಓಣಿಗೆ ಅಡ್ಡವಾಗಿ ಬುನಾದಿಯ ಕಾಲುವೆ ತೋಡಿದ್ದರು.

ಕೇರಿಯವರು ಬರಬಾರದೆಂದು ಯಾರೂ ಹೇಳಲಿಲ್ಲ, ಇದನ್ನು ಸ್ಪಷ್ಟವಾಗಿ ಬರೆಯಬೇಕು. ಬಾಗಿಲು ಮೂಡಣಕ್ಕಿತ್ತು, ಅಷ್ಟೆ. ಅಲ್ಲಿಗೆ ಬರಬೇಕಾದರೆ ಊರು ಸುತ್ತಿ, ಅಗಸಿಯಿಂದ ಒಳಬಂದು, ದೊಡ್ಡ ಮನೆಗಳ ಕಟ್ಟೆಗಳ ಮುಂದೆ ಕೊಡ ಹೊತ್ತು ನಡೆಯಬೇಕು. ಅವರು ಬರುವುದನ್ನು ಬಿಟ್ಟರು. ಬಾಯಿಂದ ಹೇಳಲು ಯಾರಿಗೂ ಧೈರ್ಯವಾಗದ ಮಾತನ್ನು ಗೋಡೆ ಹೇಳಿತ್ತು.

ಮೂರು ವರ್ಷಗಳ ಮೇಲೆ, 1999ರ ಶ್ರಾವಣದಲ್ಲಿ, ಮುಂಬೀದಿ ಕೆಸರಾಗಿ ವಾಹನ ಹೂತುಕೊಂಡಿದ್ದರಿಂದ ನಾವು ಪಡುವಣ ಓಣಿಯಿಂದ ನಡೆದು ಹೋಗಬೇಕಾಯಿತು. ಗೋಡೆಯ ಹೊರಮೈ ಮೇಲೆ, ಸೊಂಟದೆತ್ತರದಲ್ಲಿ, ಮೂರು ಬೆರಳಿನ ವಿಭೂತಿಯ ಗೆರೆ ಕಂಡಿತು. ಕೆಳಗೆ ಒಣಗಿದ ಹೂಗಳ ಒಂದು ಗುಡ್ಡೆ, ಸುಟ್ಟ ಊದುಬತ್ತಿಯ ಕಡ್ಡಿಗಳು. ನೆಲವನ್ನು ಸಾರಿಸಿ ಚೊಕ್ಕ ಮಾಡಿತ್ತು. ಇದೇನೆಂದು ಕೇಳುತ್ತಿರುವಾಗಲೇ ಆ ಮುದುಕಿ ಬಂದಳು. ನಾವು ಯಾರೆಂದು ಅವಳಿಗೆ ಮೊದಲು ಗೊತ್ತಾಗಲಿಲ್ಲ. “ಈ ಗ್ವಾಡಿ ಆಚಿಗೆ ನಮ್ಮಪ್ಪ ಅದಾನ್ರಿ. ಇಲ್ಲಿಂದಾನ ಶರಣ ಮಾಡ್ತೀನಿ. ಅಂವಗ ಕೇಳಸ್ತೈತಿ” ಎಂದಳು. ಅವಳ ಮಾತಿನಲ್ಲಿ ದೂರಿರಲಿಲ್ಲ. ಅದೇ ನಮಗೆ ಹೆಚ್ಚು ಭಾರವಾಯಿತು. ಜೊತೆಗಿದ್ದ ಹಿರಿಯರು ನೆಲ ನೋಡುತ್ತಿದ್ದರು. ನಾವೂ ನೆಲವನ್ನೇ ನೋಡಿದೆವು.

ಆ ವಾರವೇ ಬಾಗಿಲು ತೆರೆಸಿದೆವು ಎಂದು ಬರೆಯುವ ಆಸೆ ನಮಗಿದೆ. ಹಾಗಾಗಲಿಲ್ಲ. ವಾಸ್ತು ಸರಿಯಿಲ್ಲವೆಂದರು, ಪಡುವಣ ಬಾಗಿಲು ಕೂಡದೆಂದರು, ಹಣವಿಲ್ಲವೆಂದರು. ಎದುರು ನಿಂತು ಬೇಡವೆಂದವರು ಒಬ್ಬರೂ ಇಲ್ಲ, ಮುಂದಿನ ಹುಣ್ಣಿಮೆಗೆ ನೋಡೋಣ ಎಂದವರೇ ಎಲ್ಲ. ನಾವೂ ಗಟ್ಟಿಯಾಗಿ ಹೇಳಬೇಕಾದಷ್ಟು ಹೇಳಲಿಲ್ಲ. ಕೊನೆಗೆ 2001ರಲ್ಲಿ ಶ್ರೀಮಠದ ಖರ್ಚಿನಿಂದಲೇ ಗೋಡೆ ಒಡೆಸಿ, ತಲೆಯ ಮೇಲೆ ಕೊಡ ಹೊತ್ತ ಹೆಣ್ಣುಮಗಳು ಬಗ್ಗದೆ ದಾಟುವಷ್ಟು ಎತ್ತರದ ಬಾಗಿಲು ಇಡಿಸಿದೆವು. ಅಷ್ಟರಲ್ಲಿ ಆ ಮುದುಕಿ ಲಿಂಗೈಕ್ಯಳಾಗಿದ್ದಳು. ಲಿಂಗೈಕ್ಯಳೆಂದೇ ಬರೆಯುತ್ತೇವೆ. ಅವಳಿಗೆ ದೀಕ್ಷೆ ಆಗಿರಲಿಲ್ಲವಲ್ಲ ಎಂದು ಕೇಳುವವರು ಶ್ರೀಮಠಕ್ಕೆ ಬಂದು ನಮ್ಮನ್ನೇ ಕೇಳಬಹುದು.

ಅರ್ಜಿ ತಂದ ಹಿರಿಯರೇ, ನೀವು ಈಗ ಮುಚ್ಚಬೇಕೆನ್ನುತ್ತಿರುವುದು ಆ ಬಾಗಿಲನ್ನು. ನಿಮ್ಮಲ್ಲಿ ಇಬ್ಬರು ಅಂದು ನಮ್ಮ ಜೊತೆ ಓಣಿಯಲ್ಲಿ ನಿಂತಿದ್ದವರು, ಉಳಿದವರು ಆಗ ಹುಡುಗರು. ಕಳ್ಳತನವಾದದ್ದು ನಿಜ, ದೇವರ ಹಣವನ್ನು ಕಾಯಬೇಕಾದದ್ದೂ ನಿಜ. ಹುಂಡಿಯನ್ನು ಪ್ರತಿ ಸೋಮವಾರ ಪ್ರಸಾದವಾದ ಮೇಲೆ ಎಲ್ಲರ ಎದುರಿಗೆ ತೆರೆದು ಎಣಿಸಿ ಬ್ಯಾಂಕಿಗೆ ಕಟ್ಟಿರಿ. ಒಳಗೆ ಹಣವೇ ಉಳಿಯದಿದ್ದರೆ ಕಳ್ಳನಿಗೆ ಗೋಡೆ ಹತ್ತುವ ಕೆಲಸವಿಲ್ಲ. ಓಣಿಯ ಬದಿಗೆ ಒಂದು ವಿದ್ಯುದ್ದೀಪ ಹಾಕಿಸಿರಿ, ಅದರ ಖರ್ಚು ಶ್ರೀಮಠದ್ದು. ರಾತ್ರಿ ಬಾಗಿಲಿಗೆ ಬೀಗ ಹಾಕಲು ನಮ್ಮ ಅಡ್ಡಿಯಿಲ್ಲ. ಆದರೆ ನಸುಕಿನ ಐದು ಗಂಟೆಗೆ ಅದು ತೆರೆಯಬೇಕು, ಬೀಗದ ಕೈ ಎರಡಿರಬೇಕು, ಒಂದು ಪೂಜಾರಿಯ ಬಳಿ, ಇನ್ನೊಂದು ಕೇರಿಯ ಹಿರಿಯರ ಬಳಿ. ಗಾಜಿನ ಚೂರು ಬೇಡವೇ ಬೇಡ. ಮೊದಲು ಅದರ ಮೇಲೆ ಬೀಳುವುದು ಕಳ್ಳನ ಕಾಲಲ್ಲ, ಚೆಂಡು ತರಲು ಗೋಡೆ ಹತ್ತುವ ಹುಡುಗನ ಕೈ.

ಎತ್ತರಿಸಲೆಂದು ನೀವು ಈಗಾಗಲೇ ಕಲ್ಲು ತರಿಸಿಟ್ಟಿದ್ದೀರೆಂದು ಕೇಳಿದೆವು. ಅದು ವ್ಯರ್ಥವಾಗುವುದು ಬೇಡ. ಪಡುವಣ ಗೋಡೆಯ ಹೊರಮೈಯಲ್ಲಿ, ಆ ವಿಭೂತಿಯ ಗೆರೆ ಇದ್ದ ಜಾಗದಲ್ಲಿ, ದೀಪ ಇಡುವಷ್ಟು ಒಂದು ಗೂಡು ಮಾಡಿಸಿರಿ. ಅದರ ಕೆಳಗೆ ನಾಲ್ಕು ಜನ ಕೂರುವಷ್ಟು ಉದ್ದದ ಕಟ್ಟೆ ಕಟ್ಟಿಸಿರಿ. ಶ್ರಾವಣದ ಮೊದಲ ಸೋಮವಾರ ನಾವು ಬರುತ್ತೇವೆ. ಮೆರವಣಿಗೆ ಬೇಡ, ಹಾರ ಬೇಡ. ಓಣಿಯ ಕಡೆಯಿಂದಲೇ ನಡೆದು ಬರುತ್ತೇವೆ. ಅಂದಿನ ಪ್ರಸಾದ ಆ ಕಟ್ಟೆಯ ಮೇಲೆ. ಅಲ್ಲಿಯವರೆಗೆ ಗಾರೆಯವನನ್ನು ಬಾಗಿಲಿನ ಹತ್ತಿರ ಬಿಡಬೇಡಿರಿ.